ಎಣ್ಣೆ ಇಳಿಸುವವನ ಮೂಗು

"ಗುರುಗಳೇ, ಹನ್ನೆರಡು ವರ್ಷ ನಿಮ್ಮ ಮಾತು ಕೇಳಿದೆ. ಈಚೆಗೆ ಅದರಲ್ಲಿ ನನಗೆ ಏನೂ ಸಿಗುತ್ತಿಲ್ಲ. ಕಲಿಯುವುದು ಮುಗಿಯಿತೆಂದು ತಿಳಿದು ಹೊರಡಲೇ?" ಎಂದು, ಅಂದಿನ ಪಾಠ ಮುಗಿದು ಮುದುಕಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ ಎದ್ದು ಹೋದ ಮೇಲೆ, ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರಾಮತುಳಸಿಯ ಎಣ್ಣೆ ಇಳಿಸುತ್ತಿದ್ದ. ಸೊಪ್ಪನ್ನು ತಾಮ್ರದ ಹಂಡೆಗೆ ತುಂಬಿ, ನೀರು ಹೊಯ್ದು, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ ಬೆಂಕಿ ಹಾಕುವನು. ಆವಿ ಕೊಳವೆಯಲ್ಲಿ ತಣಿದು ಹನಿಹನಿಯಾಗಿ ಇಳಿಯುವುದು. ಕೊಳವೆಯ ಬಾಯಲ್ಲಿ ವಾಸನೆ ಬರುವುದು ನಿಂತಾಗ ಬೆಂಕಿ ತೆಗೆಯುವುದು ರೂಢಿ. ಆ ಎಣ್ಣೆಯನ್ನು ಊರಿನ ವೈದ್ಯ ಕೀವುಗಟ್ಟಿದ ಹುಣ್ಣುಗಳಿಗೆ ಹಚ್ಚುತ್ತಿದ್ದ.

ಒಂದು ವರ್ಷ ಆ ಎಣ್ಣೆಯಿಂದ ಗುಣ ಕಾಣಲಿಲ್ಲ. ಒಬ್ಬ ನೇಕಾರನ ಪಾದದ ಹುಣ್ಣು ಏರುತ್ತಲೇ ಹೋಯಿತು. ನಾಲ್ಕು ದಿನದಲ್ಲಿ ಇಳಿಮುಖವಾಗದಿದ್ದರೆ ಪಾದ ತೆಗೆಯಬೇಕೆಂದು ವೈದ್ಯ ಹೇಳಿ ಕಳಿಸಿದ. ಪಾದವಿಲ್ಲದೆ ಮಗ್ಗ ತುಳಿಯುವಂತಿಲ್ಲ. ಎಣ್ಣೆಯವನಿಗೆ ಊಟ ಸೇರಲಿಲ್ಲ. ಸೊಪ್ಪಿನ ದೋಷವಿರಬೇಕೆಂದು ಬೇರೆ ಹೊಲದ ಸೊಪ್ಪು ತಂದ. ನೀರಿನ ದೋಷವೆಂದು ಬಾವಿ ಬದಲಿಸಿದ. ಹಂಡೆಗೆ ಹೊಸ ಕಲಾಯಿ ಹಾಕಿಸಿದ. ಹುಣ್ಣು ಹಾಗೇ ಇತ್ತು.

ಮೂರನೆಯ ದಿನ ವೈದ್ಯನೇ ಬಂದ. ಎಣ್ಣೆಯವನು ಆಗತಾನೆ ಒಲೆಯಿಂದ ಕೊಳ್ಳಿಗಳನ್ನು ಎಳೆಯುತ್ತಿದ್ದ.

"ಏನಯ್ಯಾ, ಬೆಂಕಿ ಯಾಕೆ ತೆಗೆಯುತ್ತೀ?"

"ಮುಗಿಯಿತಲ್ಲ ಪಂಡಿತರೇ. ವಾಸನೆ ಎಲ್ಲಿದೆ?"

"ಎಲ್ಲಿದೆಯೇ? ಬಾಗಿಲಲ್ಲೇ ನನ್ನ ಮೂಗಿಗೆ ಹೊಡೆಯಿತಲ್ಲೋ!"

ಅಂಗಳದಲ್ಲಿದ್ದ ಹೆಂಡತಿ ನಕ್ಕಳು. "ಪ್ರತಿ ವರ್ಷ ನಾನು ಹೊರಗಿನಿಂದ ಬಂದು ಮೂಸಿ, ಇನ್ನೂ ಇದೆ, ಉರಿಯಲಿ ಅನ್ನುತ್ತಿದ್ದೆ, ಪಂಡಿತರೇ. ಈ ಸಲ ಯಜಮಾನರಿಗೆ ತಮ್ಮ ಮೂಗೇ ಸಾಕಾಗಿದೆ."

ಬೆಳಗಿನಿಂದ ಹಂಡೆಯ ಮುಂದೆಯೇ ಕೂತು ಮೂಗು ವಾಸನೆಗೆ ಒಗ್ಗಿಹೋಗಿದ್ದ ಎಣ್ಣೆಯವನು ತಲೆ ತಗ್ಗಿಸಿದ. ಕೊಳ್ಳಿಗಳನ್ನು ಮತ್ತೆ ಒಳಗೆ ತಳ್ಳಿದ. ಸಂಜೆಯವರೆಗೆ ಎಣ್ಣೆ ಇಳಿಯಿತು. ಮೊದಲು ಬಂದದ್ದು ತೆಳುವಾಗಿತ್ತು, ಪರಿಮಳವೂ ಹೆಚ್ಚು. ಕೊನೆಗೆ ಬಂದದ್ದು ಮಂದವಾಗಿತ್ತು. ನಾಲಗೆಗೆ ಲವಂಗದಂತೆ ಚುರುಗುಟ್ಟಿತು. ಹಗುರವಾದ ಅಂಶ ಬೇಗ ಹಾರಿ ಬರುತ್ತದೆ, ಕೀವು ಒಣಗಿಸುವ ಅಂಶ ಭಾರವಾದ್ದರಿಂದ ತಡವಾಗಿ ಬರುತ್ತದೆ ಎಂದು ವೈದ್ಯ ತಿಳಿಸಿ, ಎರಡನ್ನೂ ಬೆರೆಸಿ ಒಯ್ದ. ನೇಕಾರ ಕಾಲಿನ ಎರಡು ಬೆರಳು ಕಳೆದುಕೊಂಡ. ಪಾದ ಉಳಿಯಿತು.

ಇಷ್ಟು ಹೇಳಿ ಗುರುಗಳು ಶಿಷ್ಯನ ಮುಖ ನೋಡಿದರು.

"ಇವತ್ತು ಮೊದಲ ಸಲ ಪಾಠಕ್ಕೆ ಬಂದ ಆ ಮುದುಕಿ ನನ್ನ ಮಾತು ಕೇಳಿ ಯಾಕೆ ಅತ್ತಳು, ವಿಚಾರಿಸಿದೆಯಾ?"