ಕಂಚುಗಾರ ಆರಿಸಿದ ಬೆಂಕಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ನಮ್ಮ ಊರು ಬೆಟ್ಟಗಳ ನಡುವಿನ ತಗ್ಗಿನಲ್ಲಿದೆ. ವರ್ಷವಿಡೀ ಉರಿಯುವುದು ಅವೇ ಒಲೆಗಳು. ಆದರೂ ಬೇಸಗೆಯಲ್ಲಿ ತೊಂದರೆಯಿಲ್ಲ, ಚಳಿಗಾಲ ಬಂತೆಂದರೆ ಕಣ್ಣು ಉರಿಯುತ್ತದೆ, ಎದೆ ಕಟ್ಟುತ್ತದೆ. ಇದರಲ್ಲಿ ತಪ್ಪು ಯಾರದು? ಬೆಟ್ಟದ್ದೋ, ಕಾಲದ್ದೋ, ಒಲೆಯದ್ದೋ?"

ಗುರುಗಳು ಒಂದು ಕತೆ ಹೇಳಿದರು.

ಅಂಥದೇ ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಆ ಊರಿನ ಗಂಟೆಗಳಿಗೆ ದೂರದೂರದಲ್ಲಿ ಹೆಸರಿತ್ತು. ಕಂಚುಗಾರರ ಕೇರಿಗೆ ಅವನೇ ಯಜಮಾನ. ಅವನ ಕುಲುಮೆಯ ಬೆಂಕಿ ತಾತನ ಕಾಲದಿಂದ ಆರಿರಲಿಲ್ಲ. ಅದರ ಹೊಗೆ ಕಂಡರೆ ಅವನಿಗೆ ಊರಿನ ಬಾವುಟ ಕಂಡ ಹಾಗೆ.

ಅವನ ಅಕ್ಕ ಗಂಡನನ್ನು ಕಳೆದುಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಎರೆದ ಗಂಟೆಯ ನಾದ ಸರಿಯೋ ಇಲ್ಲವೋ ಎಂದು ಹೇಳುವವಳು ಅವಳೇ. ಅವಳು ತಲೆದೂಗದ ಗಂಟೆ ಕೇರಿ ದಾಟುತ್ತಿರಲಿಲ್ಲ. ಪುಷ್ಯ ಮಾಘಗಳಲ್ಲಿ ಅವಳಿಗೆ ಉಬ್ಬಸ ಏಳುತ್ತಿತ್ತು. ಒಂದು ಚಳಿಗಾಲವಂತೂ ಮಲಗಲೂ ಆಗದೆ ಗೋಡೆಗೆ ಒರಗಿಯೇ ಕುಳಿತಳು. ಊರಿನ ಹಲವು ಮನೆಗಳಲ್ಲಿ ಇದೇ ಪಾಡು. ಕೆಲವರು ಕಾಲದ ದೋಷವೆಂದು ಶಾಂತಿ ಮಾಡಿಸಿದರು. ಕೆಲವರು ಬೆಟ್ಟ ಗಾಳಿಯನ್ನು ತಡೆಯುತ್ತಿದೆ, ಅದನ್ನು ಕಡಿಯಬೇಕು ಎಂದರು. ಕುಲುಮೆಗಳ ಹೊಗೆಯಿಂದಲೇ ಎಂದವರೂ ಇದ್ದರು. ಕಂಚುಗಾರ ಅವರ ಮೇಲೆ ಹರಿಹಾಯ್ದ. ಇದೇ ಕುಲುಮೆ, ಇದೇ ಇದ್ದಿಲು ಬೇಸಗೆಯಲ್ಲೂ ಇತ್ತಲ್ಲ, ಆಗ ಯಾರು ಕೆಮ್ಮಿದರು ಎಂದು ಕೇಳಿದ.

ಆದರೆ ಆ ಪ್ರಶ್ನೆ ಅವನನ್ನೇ ಬಿಡಲಿಲ್ಲ. ಅಕ್ಕನ ಉಸಿರಿನ ಸಪ್ಪಳ ಕೇಳುತ್ತ ಕೂರುವುದು ಅವನಿಂದಾಗುತ್ತಿರಲಿಲ್ಲ. ಒಂದು ದಿನ ಅಚ್ಚಿಗೆ ಬೇಕಾದ ಮಣ್ಣು ತರುವ ನೆವದಲ್ಲಿ ಬೆಟ್ಟ ಹತ್ತಿ, ಅಲ್ಲಿನ ಕುರುಬರ ಹಟ್ಟಿಯಲ್ಲಿ ತಂಗಿ, ಬೆಳಗ್ಗೆ ಇಳಿಯತೊಡಗಿದ. ಮೇಲೆ ಹವೆ ಹಿತವಾಗಿತ್ತು. ಇಳಿದಂತೆಲ್ಲ ಚಳಿ ಹೆಚ್ಚಿತು. ಅರ್ಧ ದಾರಿಯಲ್ಲಿ ನಿಂತು ನೋಡಿದರೆ ಕೆಳಗೆ ಊರು ಹೊಗೆಯಲ್ಲಿ ಮಸುಕುಮಸುಕಾಗಿ ಕಂಡಿತು. ಅವನ ಕುಲುಮೆಯ ಹೊಗೆ ತೆಂಗಿನ ಮರದೆತ್ತರ ಏರಿ, ತಲೆಗೆ ಏನೋ ತಗುಲಿದಂತೆ ನಿಂತು, ಅಡ್ಡಲಾಗಿ ಹರಡಿ, ಮತ್ತೆ ಬೀದಿಗಳಿಗೇ ಇಳಿಯುತ್ತಿತ್ತು.

ತಣ್ಣನೆಯ ಗಾಳಿ ತಗ್ಗಿನಲ್ಲಿ ಕೆರೆಯ ನೀರಿನಂತೆ ನಿಂತಿದೆ, ಮೇಲಿನ ಬೆಚ್ಚನೆಯ ಗಾಳಿ ಅದಕ್ಕೆ ಮುಚ್ಚಳವಾಗಿದೆ ಎಂದು ಅವನಿಗೆ ಹೊಳೆಯಿತು. ಬೇಸಗೆಯಲ್ಲಿ ನೆಲ ಕಾದು ಹೊಗೆಯನ್ನು ಮೇಲಕ್ಕೆ ಒಯ್ಯುತ್ತದೆ. ಕಣಿವೆಯಿಂದ ನುಗ್ಗುವ ಪಡುಗಾಳಿ ಉಳಿದದ್ದನ್ನು ಗುಡಿಸುತ್ತದೆ. ಚಳಿಗಾಲದಲ್ಲಿ ಎರಡೂ ಇಲ್ಲ. ಬೆಟ್ಟವನ್ನು ಸರಿಸಲಾಗದು, ಮಾಘವನ್ನು ತಡೆಯಲಾಗದು. ಮನೆ ಮುಟ್ಟುವ ಹೊತ್ತಿಗೆ ಅವನ ಮನಸ್ಸು ಗಟ್ಟಿಯಾಗಿತ್ತು.

ಕೇರಿಯವರನ್ನು ಕೂಡಿಸಿ ಕಂಡದ್ದನ್ನು ಹೇಳಿದ. ಚಳಿಗಾಲದಲ್ಲಿ ಗಂಟೆಗೆ ಮೇಣದ ಮಾದರಿ ಮಾಡುವ ಕೆಲಸ, ಅಚ್ಚಿನ ಕೆಲಸ, ಉಜ್ಜುವ ಕೆಲಸ ಮಾಡೋಣ, ಕುಲುಮೆ ಉರಿಸಬೇಕಾದ ಎರಕ ಚೈತ್ರಕ್ಕಿರಲಿ ಎಂದ. ಅವರು ಒಪ್ಪಲಿಲ್ಲ. ಗಿರಾಕಿಗಳು ನೆರೆಯೂರಿಗೆ ಹೋಗುತ್ತಾರೆ, ಹಿರಿಯರು ಹಚ್ಚಿದ ಬೆಂಕಿಯನ್ನು ಆರಿಸಿದರೆ ಒಳ್ಳೆಯದಾಗದು ಎಂದರು. ಅವನು ವಾದಕ್ಕಿಳಿಯಲಿಲ್ಲ. ತನ್ನ ಕುಲುಮೆಯ ಕೆಂಡಗಳನ್ನು ತಾನೇ ಹೊರಗೆಳೆದು ನೀರು ಚೆಲ್ಲಿದ.

ಅದೇ ವಾರ ರೇವುಪಟ್ಟಣದಿಂದ ಒಬ್ಬ ವರ್ತಕ ಬಂದ. ಹೊಸ ದೇಗುಲಕ್ಕೆ ಆಳೆತ್ತರದ ಗಂಟೆ ಬೇಕು, ಶಿವರಾತ್ರಿಯೊಳಗೆ ಬೇಕು ಎಂದ. ಅಂಥ ಗಂಟೆಯನ್ನು ಆ ಕೇರಿ ಎಂದೂ ಎರೆದಿರಲಿಲ್ಲ. ಒಮ್ಮೆಯಾದರೂ ಎರೆಯಬೇಕೆಂಬುದು ಕಂಚುಗಾರನ ಜೀವಮಾನದ ಆಸೆ. ಚೈತ್ರದವರೆಗೆ ತಡೆಯಿರಿ ಎಂದು ಕೇಳಿಕೊಂಡ.

ವರ್ತಕ ತಣ್ಣಗಿದ್ದ ಕುಲುಮೆಯನ್ನು ನೋಡಿ ನಕ್ಕ. "ಈ ಬೆಂಕಿ ಆರುವುದೇ ಇಲ್ಲವೆಂದು ಕೇಳಿ ಬಂದೆ, ಯಜಮಾನರೇ. ಆರಿಹೋಗಿದೆಯಲ್ಲ."

"ಆರಿಹೋಗಿಲ್ಲ ಸ್ವಾಮಿ, ನಾನು ಆರಿಸಿದ್ದೇನೆ," ಎಂದ ಕಂಚುಗಾರ. "ನಮ್ಮ ಊರು ಉಸಿರಾಡಬೇಕು."

ತಲೆ ಎತ್ತಿಯೇ ಹೇಳಿದ. ಸುತ್ತ ನಿಂತ ಕೇರಿಯವರು ಕೇಳಿಸಿಕೊಂಡರು.

ವರ್ತಕ ನೆರೆಯೂರಿಗೆ ಹೋದ. ಗಂಟೆ ಅಲ್ಲಿಯೇ ಆಯಿತು. ಅಂಥದನ್ನು ಎರೆಯುವ ಯೋಗ ಕಂಚುಗಾರನಿಗೆ ಮತ್ತೆ ಬರಲಿಲ್ಲ. ಆದರೆ ಮರುದಿನ ಎದುರುಮನೆಯವನು ತನ್ನ ಕುಲುಮೆಯ ಕೆಂಡ ಹೊರಗೆಳೆದ. ಅವನನ್ನು ನೋಡಿ ಪಕ್ಕದವನು. ಅಮಾವಾಸ್ಯೆಯ ಹೊತ್ತಿಗೆ ಇಡೀ ಕೇರಿ ತಣ್ಣಗಾಗಿತ್ತು. ಮನೆಯೊಲೆಗಳ ಹೊಗೆ ಇದ್ದೇ ಇತ್ತು. ಆದರೂ ಬೀದಿಯಲ್ಲಿ ನಿಂತರೆ ಬೆಟ್ಟ ಕಾಣತೊಡಗಿತು. ಅಕ್ಕ ಮೆಲ್ಲನೆ ಎದ್ದು ಜಗುಲಿಗೆ ಬಂದು ಕುಳಿತಳು. ಬೆಟ್ಟದ ಮೇಲೆ ಆಡುಗಳು ಮೇಯುತ್ತಿವೆ ನೋಡು ಎಂದು ತಮ್ಮನನ್ನು ಕರೆದಳು. ಅವನು ಬಂದು ನೋಡಿದ. ಯಾವ ಗಂಟೆ ಎರೆದಾಗಲೂ ಅವನು ಅಷ್ಟು ಹಿಗ್ಗಿರಲಿಲ್ಲ.

ಈಗಲೂ ಚಳಿಗಾಲದಲ್ಲಿ ಆ ಊರಿಗೆ ನೆಂಟರು ಬಂದರೆ, ಊರವರು ಮೊದಲು ಕೇರಿಗೆ ಕರೆದೊಯ್ದು ತಣ್ಣಗಿರುವ ಕುಲುಮೆಗಳನ್ನು ತೋರಿಸುತ್ತಾರೆ. ಗಂಟೆಗಳನ್ನು ಆಮೇಲೆ ತೋರಿಸುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, ಹಾಗಾದರೆ ಕೊನೆಗೆ ತಪ್ಪು ಯಾರದೆಂದು ಆಯಿತು ಎಂದು ಕೇಳಿದ.

"ಅದು ಆ ಊರಿನಲ್ಲಿ ಇಂದಿಗೂ ತೀರ್ಮಾನವಾಗಿಲ್ಲ," ಎಂದರು ಗುರುಗಳು, "ಉಸಿರಾಟ ಮಾತ್ರ ಸರಾಗವಾಗಿದೆ."