ಸುರಂಗದ ಬಾಯಿಯ ಬಂಡೆ

"ಗುರುಗಳೇ, ಜೊತೆಯವನೊಬ್ಬ ತಪ್ಪು ಮಾಡಿದ್ದಾನೆ. ಕೇಳಿದರೆ ಇಲ್ಲವೆಂದೇ ಹಟ ಹಿಡಿದಿದ್ದಾನೆ. ಇಂದು ಎಲ್ಲರೆದುರು ಒಂದೇ ಮಾತಿನಲ್ಲಿ ಆ ಹಟ ಮುರಿಯುತ್ತೇನೆ. ನಿಜ ಹೇಳಲು ತಡವೇಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಸುರಂಗ ತೋಡುವ ರೂಢಿ ಇತ್ತು. ಒಬ್ಬ ಕಲ್ಲುಕುಟಿಗನ ತಮ್ಮ ಒಳಗೆ ತೋಡುತ್ತಿದ್ದಾಗ ಮೇಲಿನಿಂದ ಬಂಡೆ ಜಾರಿ ಸುರಂಗದ ಬಾಯಿ ಮುಚ್ಚಿತು. ಬಂಡೆಯ ಸಂದಿನಿಂದ ತಮ್ಮನ ದನಿ ಬರುತ್ತಿತ್ತು. ಗಾಳಿ ಸಾಲುತ್ತಿರಲಿಲ್ಲ.

ಅಣ್ಣನ ಬಳಿ ಸಿಡಿಮದ್ದು ಇತ್ತು. ಅವನು ಅದನ್ನು ಮುಟ್ಟಲಿಲ್ಲ. ಬಂಡೆಯ ಮೇಲೆ ಸಾಲಾಗಿ ಕುಳಿ ತೋಡಿ, ಕುಳಿಗೊಂದು ಕಬ್ಬಿಣದ ಬೆಣೆ ಇಟ್ಟ. ಒಂದು ಬೆಣೆಗೆ ಒಂದೇ ಪೆಟ್ಟು, ಆಮೇಲೆ ಪಕ್ಕದ್ದಕ್ಕೆ. ಸಾಲು ಮುಗಿದರೆ ಮತ್ತೆ ಮೊದಲಿನಿಂದ.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಜಮೀನಿನ ಧಣಿಗೆ ತಡೆಯಲಾಗಲಿಲ್ಲ. "ಏನಯ್ಯಾ, ಒಳಗಿರುವವನು ನಿನ್ನ ತಮ್ಮನೋ, ದಾರಿಹೋಕನೋ? ಮದ್ದಿಟ್ಟರೆ ಈಗಲೇ ದಾರಿಯಾಗುತ್ತದೆ. ನೀನು ಬಾಗಿಲು ತಟ್ಟುವ ನೆಂಟನ ಹಾಗೆ ಕುಟ್ಟುತ್ತಿದ್ದೀಯಲ್ಲ."

"ಧಣಿ, ಈ ಬಂಡೆಯೊಳಗೆ ಕಣ್ಣಿಗೆ ಕಾಣದ ಬಿರುಕುಗಳು ಎಷ್ಟೋ ಇವೆ. ನಿಧಾನವಾಗಿ ಒತ್ತಿದರೆ ಒಂದು ಬಾಯಿ ಬಿಡುತ್ತದೆ. ಅದು ಬಿಟ್ಟೊಡನೆ ಉಳಿದವುಗಳ ಮೇಲಿನ ಒತ್ತಡ ಇಳಿಯುತ್ತದೆ. ಮದ್ದು ಅಷ್ಟು ಹೊತ್ತು ಕೊಡುವುದಿಲ್ಲ. ಎಲ್ಲ ಬಿರುಕುಗಳೂ ಒಟ್ಟಿಗೇ ಬಾಯಿ ಬಿಡುತ್ತವೆ. ಚೂರುಗಳು ಈ ಕಡೆಗೂ ಹಾರುತ್ತವೆ, ತಮ್ಮನಿರುವ ಆ ಕಡೆಗೂ."

ಒಳಗಿನಿಂದ ತಮ್ಮ ಕೂಗಿದ. "ಅಣ್ಣಾ, ಆಗುತ್ತಿಲ್ಲ. ಮದ್ದೇ ಇಡು."

ಅಣ್ಣನ ಕೈ ನಿಂತಿತು. ಮದ್ದಿನ ಚೀಲದ ಕಡೆ ನೋಡಿದ. ಮತ್ತೆ ಬೆಣೆಗೆ ಹೊಡೆದ, ಮೊದಲಿನಷ್ಟೇ ಬಲದಲ್ಲಿ. ಒಳಗಿನ ದನಿ ತಗ್ಗಿತು. ಆಮೇಲೆ ನಿಂತೇಹೋಯಿತು. ಧಣಿ ಬೈಯುವುದನ್ನೂ ಬಿಟ್ಟ. ಸುತ್ತಿಗೆಯ ಸದ್ದೊಂದೇ ಉಳಿಯಿತು.

ಕಡೆಗೆ ಬೆಣೆಗಳ ಸಾಲಿನುದ್ದಕ್ಕೂ ಕೂದಲೆಳೆಯಂಥ ಗೆರೆ ಮೂಡಿತು. ಬಂಡೆ ಎರಡಾಯಿತು. ಅಣ್ಣ ಹಾರೆ ಹಾಕಿ ಒಂದು ಹೋಳನ್ನು ಹೊರಳಿಸಿದ. ತಮ್ಮ ಬಂಡೆಗೇ ಮುಖ ಒತ್ತಿಕೊಂಡು, ಗಾಳಿಗಾಗಿ ಸಂದಿಗೆ ಬಾಯಿಟ್ಟು ಬಿದ್ದಿದ್ದ. ಉಸಿರಿತ್ತು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ಮತ್ತೆ ಕೇಳಿದ.

"ಹಾಗಾದರೆ ಅವನ ತಪ್ಪು ನೋಡಿಯೂ ನಾನು ಸುಮ್ಮನಿರಬೇಕೇ?"

"ಸುಮ್ಮನಿರಬೇಡ, ಕುಟ್ಟು. ಆದರೆ ಆ ಹಟಕ್ಕೆ ಒಳಗಿನಿಂದ ಮುಖ ಒತ್ತಿಕೊಂಡು ಒಬ್ಬನಿದ್ದಾನೆ ಎಂದು ತಿಳಿದು ಕುಟ್ಟು."