ಗಜಮ್ಮ ಕೊಂಡ ಮೆಟ್ಟಿಲು

ಮಕ್ಕಳೇ, ಹೊಂಗೆಕಾಡಿನ ನಡುವೆ ಒಂದು ಕೆರೆಯಿತ್ತು. ಗುಡ್ಡದ ಒರತೆಯಿಂದ ಅದಕ್ಕೆ ನೀರು ಬರುತ್ತಿತ್ತು. ಆ ಕಾಡಿನ ಪಂಚಾಯಿತಿಗೆ ಗಜಮ್ಮ ಎಂಬ ಆನೆ ಅಧ್ಯಕ್ಷೆ. ಅವಳದು ಬೆಣ್ಣೆಯಂಥ ಮನಸ್ಸು. ಯಾರ ಕಾಲಿಗೆ ಮುಳ್ಳು ಚುಚ್ಚಿದರೂ ಅವಳ ಕಣ್ಣಲ್ಲಿ ನೀರು. ಆದರೆ ಯಾರನ್ನೂ ಒಂದು ಮಾತು ಕೇಳುವ ಅಭ್ಯಾಸ ಮಾತ್ರ ಇರಲಿಲ್ಲ. "ಪಾಪ, ಅವರಿಗ್ಯಾಕೆ ತೊಂದರೆ? ನಾನೇ ನೋಡಿಕೊಳ್ತೀನಿ" ಎನ್ನುವಳು.

ಕೆರೆಯ ದಡ ಸವೆದು ಜಾರುತ್ತಿತ್ತು. ಒಂದು ದಿನ ಮುದಿ ಆಮೆ ಚಿಪ್ಪಜ್ಜ ಮೇಲೆ ಬರುವಾಗ ಜಾರಿ ಅಂಗಾತ ಬಿದ್ದ. ಗಜಮ್ಮನೇ ಸೊಂಡಿಲಿನಿಂದ ಎತ್ತಿ ನಿಲ್ಲಿಸಿದಳು. ಕೆರೆಯ ಸುತ್ತ ಕಲ್ಲಿನ ಮೆಟ್ಟಿಲು ಹಾಕಿಸುವುದೆಂದು ಅಂದೇ ಪಂಚಾಯಿತಿಯಲ್ಲಿ ತೀರ್ಮಾನವಾಯಿತು. ಹೇಳಿದ್ದು ಗಜಮ್ಮ, ಒಪ್ಪಿದ್ದೂ ಗಜಮ್ಮ.

ಗುತ್ತಿಗೆ ಕೇಳಲು ಬಂದವರಲ್ಲಿ ಕಾಡುಹಂದಿ ಕೋರೆಪ್ಪನದೇ ಎಲ್ಲರಿಗಿಂತ ಅಗ್ಗ. ಒಂದು ಹೊರೆ ಗೆಣಸು ಕೊಟ್ಟರೆ ಸಾಕೆಂದ. ಅಷ್ಟು ಅಗ್ಗಕ್ಕೆ ಕಲ್ಲು ಎಲ್ಲಿ ಸಿಗುತ್ತದೆಂದು ಗಜಮ್ಮ ವಿಚಾರಿಸಲಿಲ್ಲ. ಮೆಟ್ಟಿಲು ಹಾಕಿದ ಮೇಲೆ ಒಂದೊಂದರ ಮೇಲೂ ತಾನೇ ನಿಂತು ನೋಡಿದಳು. ಯಾವುದೂ ಅಲುಗಲಿಲ್ಲ. ತನ್ನ ಭಾರವನ್ನೇ ತಡೆದ ಕಲ್ಲು ಯಾರ ಭಾರವನ್ನಾದರೂ ತಡೆಯುತ್ತದೆ ಎಂದು ಹಿಗ್ಗಿದಳು.

ಕೆರೆ ತುಂಬಿದ್ದಾಗ ಚಿಪ್ಪಜ್ಜ ಈಜಿಕೊಂಡೇ ಮೇಲಿನ ಮೆಟ್ಟಿಲು ಸೇರುತ್ತಿದ್ದ. ಆದರೆ ನೀರು ದಿನೇ ದಿನೇ ಇಳಿಯತೊಡಗಿತು. ಕೆಳಗಿನ ಮೆಟ್ಟಿಲುಗಳು ಹೊರಗೆ ಕಂಡವು. ಒಂದೊಂದೂ ಅವನ ತಲೆಗಿಂತ ಎತ್ತರ. ಒಂದು ಮಧ್ಯಾಹ್ನ ಗಜಮ್ಮ ಬಂದಾಗ ತಳದಲ್ಲಿ ಬರೀ ಕೆಸರು. ಅದರಲ್ಲಿ ಚಿಪ್ಪಜ್ಜ ಬಿಸಿಲಿಗೆ ಬಾಯಿ ಬಿಡುತ್ತಾ ಮಲಗಿದ್ದ. ಅವಳಿಗೆ ಜೀವವೇ ಹಾರಿಹೋದಂತಾಯಿತು. ಓಡಿ ಎತ್ತಿ ನೆರಳಿಗೆ ತಂದಳು.

"ಅಜ್ಜಾ, ಮೆಟ್ಟಿಲು ನಿನಗೆ ಎತ್ತರ ಅಂತ ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲವಲ್ಲ, ತಾಯಿ" ಎಂದ ಚಿಪ್ಪಜ್ಜ ಮೆಲ್ಲಗೆ.

ನೀರು ಎಲ್ಲಿ ಹೋಯಿತೆಂದು ಗಜಮ್ಮ ಆಗ ಎಲ್ಲರನ್ನೂ ಕೇಳಿದಳು. ಗುಡ್ಡದಲ್ಲಿ ಮೇಯುವ ಮೊಲ ಗರಿಕವ್ವ ಅಳುಕುತ್ತಲೇ ಬಾಯಿಬಿಟ್ಟಳು. ಕೋರೆಪ್ಪ ಕಲ್ಲು ಕಿತ್ತದ್ದು ಒರತೆಯ ಬಾಯಿಂದ. ಕಲ್ಲು ಹೋದ ಮೇಲೆ ಮಣ್ಣು ಕುಸಿದು ಒರತೆ ಮುಚ್ಚಿಹೋಗಿತ್ತು.

ಕೋರೆಪ್ಪ ತಲೆ ತಗ್ಗಿಸಿದ. "ಅಲ್ಲೇ ಹತ್ತಿರ ಸಿಕ್ಕಿತು ಅಂತ ಕಿತ್ತೆ, ಅಮ್ಮಾವ್ರೇ. ಎಲ್ಲಿಂದ ತಂದೆ ಅಂತ ನೀವೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ."

ಗಜಮ್ಮ ಅವನನ್ನು ಬೈಯಲಿಲ್ಲ. ಬೈಯುವ ಮುಖ ತನಗೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಇಬ್ಬರೂ ಸೇರಿ ಒರತೆಯ ಮಣ್ಣು ತೆಗೆದು, ಮೆಟ್ಟಿಲಿನ ಕಲ್ಲುಗಳನ್ನು ಕಿತ್ತು ತಂದು ಮೊದಲಿದ್ದ ಜಾಗದಲ್ಲೇ ಕೂರಿಸಿದರು. ಒರತೆ ಮತ್ತೆ ಹರಿಯಿತು.

ಈ ಸಲ ಪಂಚಾಯಿತಿ ಹೊಂಗೆಮರದ ಕೆಳಗೆ ಎಲ್ಲರನ್ನೂ ಕೂರಿಸಿಕೊಂಡು ನಡೆಯಿತು. ಕಪ್ಪೆಗಳಂತೂ ಸಂಜೆಯವರೆಗೆ ಮಾತಾಡಿದವು. ಗಜಮ್ಮ ಕಿವಿ ಅಗಲಿಸಿ ಕೇಳಿದಳು. ಕಡೆಗೆ, ಬಿದ್ದ ಮರದ ದಿಮ್ಮಿಗಳನ್ನು ಅಡ್ಡವಿಟ್ಟು, ಮಣ್ಣು ತುಂಬಿ, ಗರಿಕೆ ನೆಟ್ಟು ಇಳಿಜಾರು ದಾರಿ ಮಾಡಿಸುವುದೆಂದಾಯಿತು. ಕೆಲಸ ಕೋರೆಪ್ಪನಿಗೇ ಕೊಟ್ಟರು. ಗೆಣಸು ಹೆಚ್ಚೇ ಬೇಕಾಯಿತು, ಆದರೆ ಯಾರೂ ಗೊಣಗಲಿಲ್ಲ. ದಿಮ್ಮಿ ಎಲ್ಲಿಂದ ಬರುತ್ತದೆಂದು ನೋಡಲು ಗರಿಕವ್ವ ಅವನ ಜೊತೆಗೇ ಹೋದಳು.

ದಾರಿ ಸಿದ್ಧವಾದ ದಿನ ಮೊದಲು ಹತ್ತಿ ನೋಡಿದ್ದು ಚಿಪ್ಪಜ್ಜ. ನಿಧಾನವಾಗಿ, ಎಲ್ಲೂ ಜಾರದೆ ಮೇಲೆ ಬಂದು, ತಲೆ ಹೊರಗೆ ಚಾಚಿ ನಕ್ಕ. ಆಮೇಲೆ ಕಪ್ಪೆ, ಮೊಲ, ಹಂದಿ, ಎಲ್ಲರೂ ಹತ್ತಿ ಇಳಿದರು.

ಗಜಮ್ಮ ಎಲ್ಲರಿಗಿಂತ ಕೊನೆಗೆ ಕಾಲಿಟ್ಟಳು.

ನೀತಿ: ಎಲ್ಲರಿಗಾಗಿ ಏನನ್ನಾದರೂ ಕೊಳ್ಳುವ ಮುನ್ನ ಅದನ್ನು ಬಳಸುವವರನ್ನು ಕೇಳಬೇಕು, ಅದು ಎಲ್ಲಿಂದ ಬರುತ್ತದೆಂದೂ ವಿಚಾರಿಸಬೇಕು.